ಕರೆಂಟ್ ತಂತಿಯಲ್ಲೇ ಕ್ಯಾಮೆರಾ: ಪವರ್‌ಲೈನ್ ಅಡಾಪ್ಟರ್ ಹಾಕುವುದು ಹೇಗೆ?

ಗೇಟಿನ ಹತ್ತಿರ ಕ್ಯಾಮೆರಾ ಬೇಕು. ವೈಫೈ ಅಲ್ಲಿಗೆ ಮುಟ್ಟುವುದಿಲ್ಲ, ಲ್ಯಾನ್ ಕೇಬಲ್ ಎಳೆಯಲು ಗೋಡೆ ಕೊರೆಯಬೇಕು. ಆಗ ಪವರ್‌ಲೈನ್ ಅಡಾಪ್ಟರ್ ತರುತ್ತಾರೆ. ಇದು ಮನೆಯ ಕರೆಂಟ್ ತಂತಿಯಲ್ಲೇ ಡೇಟಾ ಸಾಗಿಸುವ ಜೋಡಿ: ಒಂದು ರೂಟರ್ ಹತ್ತಿರ, ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ; ಇನ್ನೊಂದು ಕ್ಯಾಮೆರಾ ಕಡೆ. ಎರಡು ದಿನ ಚೆನ್ನಾಗಿ ಓಡುತ್ತದೆ, ಮೂರನೇ ರಾತ್ರಿ ಚಿತ್ರ ನಿಂತುಬಿಡುತ್ತದೆ, ಅಡಾಪ್ಟರ್ ಮೂಲೆ ಸೇರುತ್ತದೆ. ನಾನು ನೋಡಿದ ಇಂಥ ಮನೆಗಳಲ್ಲಿ ಹೆಚ್ಚಿನ ಕಡೆ ಅಡಾಪ್ಟರ್ ಸರಿಯಾಗೇ ಇತ್ತು, ಸಿಕ್ಕಿಸಿದ ಜಾಗ ತಪ್ಪಿತ್ತು.

ಹಂತ 1. ಒಂದೇ ಡಬ್ಬದಲ್ಲಿ ಜೋಡಿಯಾಗಿ ಬರುವುದನ್ನೇ ಕೊಳ್ಳಿ. ಹೋಮ್‌ಪ್ಲಗ್ ಎವಿ2 ಮತ್ತು ಜಿ.ಎಚ್‌ಎನ್ ಬೇರೆ ಬೇರೆ ಪದ್ಧತಿಗಳು, ಒಂದಕ್ಕೊಂದು ಹೊಂದುವುದಿಲ್ಲ. ಡಬ್ಬದ ಮೇಲಿನ 1000, 2000 ಎಂಬಿಪಿಎಸ್ ಎಂಬ ವೇಗದ ಅಂಕಿಗೆ ಮರುಳಾಗಬೇಡಿ, ಮನೆಯ ತಂತಿಯಲ್ಲಿ ಸಿಗುವುದು ಅದರಲ್ಲಿ ಸಣ್ಣ ಪಾಲು. ಆದರೆ 1080ಪಿ ಕ್ಯಾಮೆರಾಕ್ಕೆ ಸಾಮಾನ್ಯವಾಗಿ 2ರಿಂದ 4 ಎಂಬಿಪಿಎಸ್ ಸಾಕು. ಕಡಿಯದೆ ಬರಬೇಕು, ಅಷ್ಟೇ.

ಹಂತ 2. ಮೊದಲು ಎರಡನ್ನೂ ಒಂದೇ ಕೋಣೆಯಲ್ಲಿ ಹಾಕಿ, ಅವೆರಡನ್ನು ಜೋಡಿಸುವ ಪೇರ್ ಬಟನ್ ಒತ್ತಿ. ಒಂದನ್ನು ಒತ್ತಿದ ಎರಡು ನಿಮಿಷದೊಳಗೆ ಇನ್ನೊಂದನ್ನು ಒತ್ತಬೇಕು. ಹಾಕಿದ ಕೂಡಲೇ ಓಡುತ್ತದಲ್ಲ ಅಂತ ಇದನ್ನು ಬಿಡುವವರು ಜಾಸ್ತಿ. ಫ್ಯಾಕ್ಟರಿಯಿಂದ ಬರುವಾಗ ಎಷ್ಟೋ ಅಡಾಪ್ಟರ್‌ಗಳಿಗೆ ಒಂದೇ ಪಾಸ್‌ವರ್ಡ್ ಇರುತ್ತದೆ, ಪಕ್ಕದ ಮನೆಯ ತಂತಿಗೂ ಸಿಗ್ನಲ್ ಹರಿಯಬಹುದು. ಮನೆಯ ಕ್ಯಾಮೆರಾ ವಿಷಯ, ದಯವಿಟ್ಟು ಬಿಡಬೇಡಿ.

ಹಂತ 3. ಎಡವುವುದು ಇಲ್ಲೇ. ಅಡಾಪ್ಟರ್ ನೇರವಾಗಿ ಗೋಡೆಯ ಸಾಕೆಟ್ಟಿಗೇ ಹೋಗಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಸ್ಪೈಕ್ ಗಾರ್ಡ್ ಬೇಡ, ಯುಪಿಎಸ್ ಅಂತೂ ಬೇಡವೇ ಬೇಡ. ಅಡಾಪ್ಟರ್ ಮಾತಾಡುವುದು 2 ಮೆಗಾಹರ್ಟ್ಸ್‌ಗಿಂತ ಮೇಲೆ. ಸ್ಪೈಕ್ ಗಾರ್ಡ್ ಒಳಗಿನ ಫಿಲ್ಟರ್ ಇರುವುದೇ ತಂತಿಯಲ್ಲಿ ಬರುವ ಅಂಥ ಗಲಾಟೆಯನ್ನು ತಡೆಯಲು, ಹಾಗಾಗಿ ನಮ್ಮ ಸಿಗ್ನಲ್ಲನ್ನೂ ನುಂಗಿಬಿಡುತ್ತದೆ. ಒಂದು ಮನೆಯಲ್ಲಿ ಟಿವಿ ಹಿಂದೆ ಧೂಳು ಹಿಡಿದ ಬೋರ್ಡಿಗೆ ಟಿವಿ, ರೂಟರ್, ಎರಡು ಚಾರ್ಜರ್, ಅವುಗಳ ನಡುವೆ ಅಡಾಪ್ಟರ್ ಸಿಕ್ಕಿಸಿದ್ದರು, ಅಡಾಪ್ಟರಿನ ಸಿಗ್ನಲ್ ದೀಪ ಕೆಂಪು. ಅದನ್ನು ಕಿತ್ತು ಕೆಳಗಿನ ಗೋಡೆ ಸಾಕೆಟ್ಟಿಗೆ ಹಾಕಿ, ಬೋರ್ಡನ್ನು ಬೇರೆ ಸಾಕೆಟ್ಟಿಗೆ ಕೊಟ್ಟ ಸ್ವಲ್ಪ ಹೊತ್ತಿಗೆ ಹಸಿರಾಯಿತು. ಮತ್ತೇನೂ ಮುಟ್ಟಲಿಲ್ಲ.

ಆಮೇಲೆ ಫೇಸ್. ಮನೆಗೆ ಮೂರು ಫೇಸ್ ಇದ್ದರೆ ಎರಡೂ ಅಡಾಪ್ಟರ್ ಒಂದೇ ಫೇಸ್‌ನಲ್ಲಿರಲಿ. ಬೇರೆ ಬೇರೆ ಫೇಸ್ ಆದರೆ ಸಿಗ್ನಲ್ ತೀರಾ ಸೊರಗುತ್ತದೆ, ಕೆಲವು ಕಡೆ ಬರುವುದೇ ಇಲ್ಲ. ಯಾವ ಸಾಕೆಟ್ ಯಾವ ಫೇಸ್ ಅಂತ ಎಲೆಕ್ಟ್ರಿಷಿಯನ್ ಹೇಳಲಿ, ಡಿಬಿ (ಫ್ಯೂಸ್, ಎಂಸಿಬಿ ಇರುವ ಪೆಟ್ಟಿಗೆ) ಮುಚ್ಚಳ ನೀವು ತೆಗೆಯಬೇಡಿ.

ಇಷ್ಟಾದರೂ ಕಡಿಯುತ್ತಿದೆಯೇ? ಲ್ಯಾಪ್‌ಟಾಪ್‌ನಲ್ಲಿ ಕ್ಯಾಮೆರಾಕ್ಕೆ ಪಿಂಗ್ (ಉತ್ತರ ಬರುತ್ತಿದೆಯೇ ಎಂದು ಮತ್ತೆ ಮತ್ತೆ ಕೇಳುವ ಕಮಾಂಡ್) ಬಿಟ್ಟು, ಮನೆಯ ಸಾಮಾನು ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ. ಕಳಪೆ ಫೋನ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬು, ಡಿಮ್ಮರ್, ಮಿಕ್ಸಿ ಮೋಟಾರು, ಇವೇ ಮುಖ್ಯ ಶತ್ರುಗಳು. ಕ್ಯಾಮೆರಾದ ಸ್ವಂತ ಚಾರ್ಜರೇ ಕಳ್ಳನಾಗಿರುವುದೂ ಉಂಟು. ಅದಕ್ಕೇ ನಾನು ಮೈಮೇಲೆ ಇನ್ನೊಂದು ಸಾಕೆಟ್ ಇರುವ ಅಡಾಪ್ಟರನ್ನೇ ತರುವುದು. ಚಾರ್ಜರನ್ನು ಆ ಸಾಕೆಟ್ಟಿಗೆ ಹಾಕಿದರೆ ಗಲಾಟೆ ಬಹುಪಾಲು ಅಲ್ಲೇ ನಿಲ್ಲುತ್ತದೆ.

ಹಂತ 4. ಗೋಡೆಗೆ ಸ್ಕ್ರೂ ಹೊಡೆಯುವ ಮೊದಲು ಒಂದು ಹಗಲು, ಒಂದು ರಾತ್ರಿ ಸುಮ್ನೆ ಓಡಲು ಬಿಡಿ. ಹಗಲು ಮಾತ್ರ ನೋಡಿದರೆ ಸಾಲದು. ಕತ್ತಲಲ್ಲಿ ಚಿತ್ರ ಕಾಳುಕಾಳಾಗಿ ಕ್ಯಾಮೆರಾ ಕಳಿಸುವ ಡೇಟಾ ಜಾಸ್ತಿಯಾಗುತ್ತದೆ, ಅದೇ ಹೊತ್ತಿಗೆ ಮನೆಯ ದೀಪಗಳೂ ಉರಿಯುತ್ತಿರುತ್ತವೆ. ಕ್ಯಾಮೆರಾದ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಬದಲಾಗದಂತೆ ಸೆಟ್ ಮಾಡಿ, ಅಡಾಪ್ಟರಿನ ಪವರ್ ಸೇವಿಂಗ್ ಆಫ್ ಮಾಡಿ.

ಹಂತ 5. ಅಡಾಪ್ಟರ್ ಮನೆಯೊಳಗೇ ಇರಲಿ, ಹೊರಗಿನ ಕ್ಯಾಮೆರಾಕ್ಕೆ ಅಲ್ಲಿಂದ ಲ್ಯಾನ್ ಕೇಬಲ್ ಕೊಡಿ. ಪಿಓಇ ಕ್ಯಾಮೆರಾ, ಅಂದರೆ ಲ್ಯಾನ್ ಕೇಬಲ್‌ನಿಂದಲೇ ಕರೆಂಟ್ ಪಡೆಯುವಂಥದ್ದು ಆದರೆ, ನಡುವೆ ಆ ಕರೆಂಟ್ ಸೇರಿಸುವ ಪಿಓಇ ಇಂಜೆಕ್ಟರ್ ಬೇಕು, ಸಾಮಾನ್ಯ ಅಡಾಪ್ಟರ್ ಕೇಬಲ್‌ನಲ್ಲಿ ಕರೆಂಟ್ ಕೊಡುವುದಿಲ್ಲ. ಮನೆಯ ಕರೆಂಟ್ ಹೋದರೆ ಅಡಾಪ್ಟರೂ ಹೋಗುತ್ತದೆ, ರೂಟರ್ ಯುಪಿಎಸ್‌ನಲ್ಲಿದ್ದರೂ ಅಷ್ಟೇ. ಅದಕ್ಕೆ ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಹಾಕಿ, ಕ್ಯಾಮೆರಾಕ್ಕೆ ಬೇರೆ ಬ್ಯಾಟರಿ ಕೊಡಿ.