ಎಸ್‌ಎಲ್‌ಆರ್ ತಗೊಳ್ಳೋದಾ, ಕಾಂಪ್ಯಾಕ್ಟ್ ಕ್ಯಾಮೆರಾ ಸಾಕಾ?

ಎಸ್‌ಎಲ್‌ಆರ್ ಅಂದರೆ ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ, ಕಾಂಪ್ಯಾಕ್ಟ್ ಅಂದರೆ ಲೆನ್ಸ್ ಬದಲಿಸಲಾಗದ ಚಿಕ್ಕದು. ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟು ಮೊದಲು ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಚಿಪ್ಪಿನ ಅಳತೆ ನೋಡಿ. ಸಾಧಾರಣ ಕಾಂಪ್ಯಾಕ್ಟ್‌ನ ಸೆನ್ಸರ್ ಸುಮಾರು 6 ಮಿ.ಮೀ. ಅಗಲ. ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ ಇರುವ ಎಸ್‌ಎಲ್‌ಆರ್‌ನದು 22-24 ಮಿ.ಮೀ. ಜುಲೈನಲ್ಲಿ ಆಗುಂಬೆ ಕಾಡಿನಲ್ಲಿ ನಡು ಮಧ್ಯಾಹ್ನವೂ ಮಬ್ಬು ಅಲ್ವಾ, ಅಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ. ಮಬ್ಬಿಗೆಂದು ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 1600ಕ್ಕೆ ಏರಿಸಿದರೆ ಕಾಂಪ್ಯಾಕ್ಟ್ ಚಿತ್ರದಲ್ಲಿ ಎಲೆಗಳೆಲ್ಲ ಕಲಸಿಹೋಗುತ್ತವೆ.

ಆದರೆ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರದ ಮೇಲಿರುವ ಬೆಳ್ಳಕ್ಕಿ ತೆಗೆಯಲು ಎಸ್‌ಎಲ್‌ಆರ್ ಜೊತೆ ಬರುವ 18-55 ಮಿ.ಮೀ. ಲೆನ್ಸ್ ಸಾಲದು. ಬಿಳಿ ಚುಕ್ಕೆ ಅಷ್ಟೇ ಕಾಣುತ್ತದೆ. ಕನಿಷ್ಠ 300 ಮಿ.ಮೀ. ಲೆನ್ಸ್ ಬೇಕು (ಈ ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ), ಅದಕ್ಕೆ ಬೇರೆ ದುಡ್ಡು. ಅಷ್ಟು ಬಜೆಟ್ ಇಲ್ಲದಿದ್ದರೆ ಜಾಸ್ತಿ ಜೂಮ್ ಇರುವ ಕಾಂಪ್ಯಾಕ್ಟೇ ಮೇಲು.

ನಮ್ಮ ಕಡೆಯ ದೊಡ್ಡ ತಲೆನೋವು ಬೂಷ್ಟು. ಮಳೆಗಾಲದಲ್ಲಿ ಬೀರುವಿನೊಳಗೆ ಇಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಹಬ್ಬುತ್ತದೆ. ಚರ್ಮದ ಚೀಲದಲ್ಲಂತೂ ಇಡಲೇಬೇಡಿ, ಅದು ತೇವ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಚಿಕ್ಕ ತೇವಮಾಪಕ ಸಾಕು. ಅದರ ಮುಳ್ಳು ಶೇ. 40-50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಕಾಂಪ್ಯಾಕ್ಟಿಗೂ ಬೂಷ್ಟು ಬರುತ್ತದೆ, ಆದರೆ ಕಾಯಬೇಕಾದ್ದು ಒಂದೇ ಲೆನ್ಸ್.

ಜೋಗದಲ್ಲಿ ಹನಿ ಹಾರುವಾಗ ಲೆನ್ಸ್ ಬದಲಿಸುವ ಸಾಹಸ ಬೇಡ. ಕಾರಿನೊಳಗೇ ಬದಲಿಸಿಕೊಂಡು ಇಳಿಯಿರಿ.

ಮನೆ ಮಕ್ಕಳು, ಮದುವೆ, ಪ್ರವಾಸಕ್ಕಷ್ಟೇ ಆದರೆ ಸುಮ್ನೆ ಕಾಂಪ್ಯಾಕ್ಟ್ ತಗೊಳ್ಳಿ. ಹಕ್ಕಿ, ಕಪ್ಪೆ, ಕಾಡು ಅಂತ ಹುಚ್ಚು ಹಿಡಿದಿದ್ದರೆ ಎಸ್‌ಎಲ್‌ಆರ್. ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಳೆಯದಾದರೂ ಪರವಾಗಿಲ್ಲ, ದುಡ್ಡು ಲೆನ್ಸಿಗೆ ಹಾಕಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ಬೂಷ್ಟು ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.