ಸಂತಾನೋತ್ಪತ್ತಿ ಆರೋಗ್ಯ ಸಂಸ್ಥೆಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮುನ್ನ

ಮುಂಬಯಿಯ ಧಾರಾವಿಯಂತಹ ಕಡೆ ಮಹಿಳೆಯರ ಸಂತಾನೋತ್ಪತ್ತಿ ಆರೋಗ್ಯಕ್ಕಾಗಿ ದುಡಿಯುವ ಸಣ್ಣ ಸಂಸ್ಥೆಗೆ ನಮ್ಮ ಕನ್ನಡ ವಿದ್ಯಾರ್ಥಿಗಳನ್ನು ಕರೆದೊಯ್ಯುವುದಾದರೆ, ತಪಾಸಣೆ ಇಲ್ಲದ ದಿನವನ್ನೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ಹತ್ತು ಮಂದಿ ಅಪರಿಚಿತರು ಬಾಗಿಲಲ್ಲಿ ನಿಂತಿದ್ದರೆ, ಮನೆಯವರಿಗೆ ತಿಳಿಸದೆ ಗರ್ಭ ನಿಲ್ಲದಂತೆ ಗರ್ಭಕೋಶದಲ್ಲಿ ಇಡುವ ಕಾಪರ್-ಟಿ ಸಾಧನದ ಬಗ್ಗೆ ವಿಚಾರಿಸಲು ಬಂದ ಹೆಣ್ಣುಮಗಳು ಸೆರಗನ್ನು ಮುಖಕ್ಕೆಳೆದುಕೊಂಡು ಹಿಂದಿರುಗಿಬಿಡುತ್ತಾಳೆ. ಮೊಬೈಲುಗಳನ್ನು ಚೀಲದಲ್ಲಿಡಿಸಿ, ಬಂದವರ ಹೆಸರು, ಓಣಿ ಯಾವುದನ್ನೂ ಬರೆದುಕೊಳ್ಳಕೂಡದು.

ಮೊದಲೇ 1971ರ ಗರ್ಭಪಾತ ಕಾಯ್ದೆಯನ್ನು ಓದಿಸಿ: 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರದು ಬೇಕು, ವಯಸ್ಕಳಿಗೆ ಗಂಡನ ಒಪ್ಪಿಗೆ ಬೇಕಿಲ್ಲ. ಈ ಕೊನೆಯ ಮಾತು ವಿದ್ಯಾವಂತರಲ್ಲೂ ಅನೇಕರಿಗೆ ತಿಳಿದಿಲ್ಲವೆಂಬುದು ನನಗೆ ನೋವಿನ ಸಂಗತಿ.

ಪ್ರಶ್ನೆಗಳನ್ನು ಮನೆಮನೆಗೆ ಹೋಗುವ ಕಾರ್ಯಕರ್ತೆಯರಿಗೇ ಕೇಳಿ. ಅವರು ಬಯಸಿದರೆ, ಕಲಬುರಗಿ ಕಡೆಯಿಂದ ಅಲ್ಲಿಗೆ ಬಂದಿರುವ ಕೂಲಿ ಕುಟುಂಬಗಳಿಗಾಗಿ ಮಾಹಿತಿ ಪತ್ರವನ್ನು ತಿಳಿಗನ್ನಡದಲ್ಲಿ ಬರೆದುಕೊಡಿ.