ರೋಬಸ್ಟಾ ಹೂವಿನ ದಿನಕ್ಕೇ ಬ್ರೈಡಲ್ ಶವರ್: ನನ್ನ ಅನುಭವ

ರೋಬಸ್ಟಾ ಕಾಫಿಯ ಹೂವನ್ನು ನಮಗೆ ಬೇಕಾದ ದಿನಕ್ಕೆ ಅರಳಿಸಿ, ಅದನ್ನೇ ಥೀಮ್ ಮಾಡಿ ಬ್ರೈಡಲ್ ಶವರ್, ಅಂದರೆ ಮದುವೆಗೆ ಮುಂಚೆ ಹುಡುಗಿಗಾಗಿ ಮಾಡುವ ಸಂತೋಷಕೂಟ, ನಡೆಸಲು ಸಾಧ್ಯವಿಲ್ಲ ಎಂದು ಕೊಡಗಿನ ಅಮ್ಮತ್ತಿಯಿಂದ ಪಾಲಿಬೆಟ್ಟದವರೆಗೆ ನಮ್ಮ ನೆಂಟರೆಲ್ಲ ಹೇಳಿದ್ದರು. ಸಾಧ್ಯವಾಯಿತು. ತಂಗಿಯ ಮಗಳ ಶವರ್ ಬಿಳಿ ಹೂವಿನ ನಡುವೆಯೇ ಆಯಿತು. ಫೋಟೋ ನೋಡಿದವರು ಈಗ ದಿನಾ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ತೋಟ ಇರುವವರಿಗೆ ಸ್ಪ್ರಿಂಕ್ಲರ್, ಜೆಟ್ ಅಂದರೆ ಏನೆಂದು ಹೇಳಬೇಕಾಗಿಲ್ಲ; ಉಳಿದವರಿಗೆ, ಗಿಡದ ಮೇಲೆ ಮಳೆಯಂತೆ ನೀರು ಚಿಮ್ಮಿಸುವ ಸಾಧನಗಳು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ಸೋತ ಥೀಮ್‌ಗಳ ಲೆಕ್ಕ. ನಾದಿನಿಯ ಮಗಳಿಗೆ ಗುಲಾಬಿ ಬಣ್ಣದ ಬಲೂನು ಕಮಾನು ಹಾಕಿಸಿದ್ದೆವು. ಹೊರಗಿನಿಂದ ಬಂದ ಡೆಕೋರೇಶನ್‌ನವರು ನಲವತ್ತು ಸಾವಿರದ ಹತ್ತಿರ ತೆಗೆದುಕೊಂಡರು. ಕಾಫಿ ಒಣಗಿಸುವ ಕಣದ ಸಿಮೆಂಟಿನ ಕಾವಿಗೆ ಮಧ್ಯಾಹ್ನದೊಳಗೆ ಅರ್ಧ ಬಲೂನು ಒಡೆದುಹೋದವು. ಉಳಿದರ್ಧಕ್ಕೆ ರಿಯಾಯಿತಿ ಕೇಳಿದರೆ ಕೊಡಲಿಲ್ಲ. ಇನ್ನೊಬ್ಬಳಿಗೆ ಒಣಹುಲ್ಲು, ಸೆಣಬು, ಮಣ್ಣಿನ ಬಣ್ಣ ಅಂತ ಬೆಂಗಳೂರಿನ ಗೆಳತಿಯರು ಆರಿಸಿದರು. ಜುಲೈ ತಿಂಗಳು, ಮಡಿಕೇರಿಯ ಮಂಜು. ಹುಲ್ಲೆಲ್ಲ ತೇವ ಹಿಡಿದು ಬಾಗಿ, ಮುಗ್ಗಲು ವಾಸನೆ ಬಂತು. ಹಿಂದಿನ ವರ್ಷ ಕಾಫಿ ಹೂವನ್ನೇ ನಂಬಿ ಇನ್ನೊಂದು ಶವರ್‌ಗೆ ತಾರೀಖು ಇಟ್ಟಿದ್ದೆವು. ಕಾಫಿ ಮೊಗ್ಗನ್ನು ಅರಳಿಸುವ ಹೂ ಮಳೆ ಫೆಬ್ರವರಿಯಲ್ಲೇ ಸುರಿದು, ನಮ್ಮ ದಿನ ಬರುವಷ್ಟರಲ್ಲಿ ಗಿಡದಲ್ಲಿ ಕಂದು ಎಸಳು ಮಾತ್ರ ಇತ್ತು. ಕಾಗದದ ಹೂ ಕಟ್ಟಿ ಮುಗಿಸಿದೆವು. ಆಗಲೇ ನೆಂಟರು "ಹೂವನ್ನು ನಂಬಿ ಯಾರಾದರೂ ಊಟಕ್ಕೆ ಕರೀತಾರಾ" ಅಂದದ್ದು.

ಈ ಸಲ ಥೀಮ್ ಮೊದಲು ನಿಂತಿತು, ತಾರೀಖು ಕೊನೆಗೆ. ಗುಟ್ಟು ಇರುವುದು ಇಲ್ಲೇ. ಮದುವೆ ಏಪ್ರಿಲ್ ಕೊನೆಯಲ್ಲಿ, ಹಾಗಾಗಿ ಶವರ್‌ಗೆ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನ ಯಾವ ಶನಿವಾರವಾದರೂ ಸರಿ ಎಂದು ತಂಗಿಯನ್ನು ಒಪ್ಪಿಸಿದೆ. ಮೊಗ್ಗು ಬಲಿತಿದೆ ಎಂದು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹೇಳಿದ ಮೇಲೆಯೇ ಕೆರೆಗೆ ಪಂಪ್ ಇಳಿಸಿದ್ದು. ತೋಟದಲ್ಲಿ ಕಣದ ಪಕ್ಕದ ಭಾಗಕ್ಕೆ, ಅಂದರೆ ಬ್ಲಾಕಿಗೆ, ಶುಕ್ರವಾರ ಒಂದೂವರೆ ಇಂಚಿನಷ್ಟು ನೀರು, ಅದರಾಚೆಯ ಬ್ಲಾಕಿಗೆ ಶನಿವಾರ ಅಷ್ಟೇ ನೀರು. ರೋಬಸ್ಟಾ ನೀರು ಬಿದ್ದ ಏಳೆಂಟು ದಿನಕ್ಕೆ ಅರಳುತ್ತದೆ. ಎಂಟು ದಿನ ಹಿಡಿದರೆ ಮೊದಲ ಬ್ಲಾಕು, ಏಳೇ ದಿನಕ್ಕೆ ಬಂದರೆ ಎರಡನೆಯದು. ಹೇಗಾದರೂ ಮುಂದಿನ ಶನಿವಾರ ಒಂದು ಕಡೆ ಬೆಳ್ಳಗಿರಲೇಬೇಕು. ಎರಡನೇ ಬ್ಲಾಕಿನ ಜೆಟ್ ನಿಲ್ಲಿಸಿದ ರಾತ್ರಿಯೇ ಎಲ್ಲರಿಗೂ ಆಹ್ವಾನ ಕಳಿಸಿದೆ. ಒಂದೇ ವಾರದ ಮುಂಚೆ ಹೇಳಿದರೆ ರಜೆ ಸಿಗುವುದಿಲ್ಲ ಎಂದು ಬೆಂಗಳೂರಿನ ಹುಡುಗಿಯರು ಕೋಪಿಸಿಕೊಂಡರು. ಬಂದು ನೋಡಿದ ಮೇಲೆ ಒಬ್ಬಳೂ ಆ ಮಾತೆತ್ತಲಿಲ್ಲ. ಜೆಟ್ಟನ್ನು ಯಾವ ಹೊತ್ತಿಗೆ ಶುರು ಮಾಡಿ ಯಾವ ಹೊತ್ತಿಗೆ ನಿಲ್ಲಿಸಿದೆ ಎನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬಣ್ಣದ ಬಗ್ಗೆ ದೊಡ್ಡ ಜಗಳ ಆಯಿತು. "ಮದುವೆ ಹುಡುಗಿಯ ಸುತ್ತ ಎಲ್ಲ ಬಿಳಿನಾ?" ಅಂತ ಅತ್ತೆ ಊಟ ಬಿಟ್ಟು ಕೂತರು. ನಮ್ಮ ಕೊಡವ ಮದುಮಗ ಉಡುವ ಕುಪ್ಯವೇ, ಆ ಉದ್ದ ನಿಲುವಂಗಿಯೇ, ಬಿಳಿ ಅಲ್ಲವಾ ಅತ್ತೆ ಎಂದೆ. ಬಂದವರೆಲ್ಲ ಬಿಳಿ ಅಥವಾ ಎಲೆ ಹಸಿರು ಉಡಬೇಕು, ಹುಡುಗಿ ಒಬ್ಬಳೇ ಕೆಂಪು, ಹಣ್ಣು ಕಾಫಿಯ ಕೆಂಪು. ಆ ಒಂದು ಕೆಂಪು ಸೀರೆಯೇ ಥೀಮನ್ನು ಎತ್ತಿ ನಿಲ್ಲಿಸಿತು. ಬೇರೆ ಬಣ್ಣದ ರಿಬ್ಬನ್ ಒಂದೂ ಬೇಡ ಎಂದು ಹಟ ಹಿಡಿದದ್ದು ಸಾರ್ಥಕವಾಯಿತು.

ಹೂವಿನ ರೆಕ್ಕೆ, ಅಂದರೆ ಹೂ ಬಿಟ್ಟ ಕೊಂಬೆ, ಕಡಿಯುವುದಕ್ಕೆ ನಮ್ಮವರು ಬಿಲ್ಕುಲ್ ಒಪ್ಪಲಿಲ್ಲ. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮುಟ್ಟಿದ ಮೇಲೆ ಯಾವ ಮನೆಯಲ್ಲೂ ಒಪ್ಪಲಿಕ್ಕಿಲ್ಲ. ಮಳೆಗಾಲಕ್ಕೆ ಕಿತ್ತು ಮರುನಾಟಿ ಮಾಡಲು ಗುರುತು ಹಾಕಿದ್ದ ಹಳೆಯ ಗಿಡಗಳು ಆ ಬ್ಲಾಕಿನಲ್ಲೇ ಇದ್ದವು, ಅವುಗಳಿಂದ ಮಾತ್ರ ಕಡಿದೆ. ಕಡಿದ ಹೂ ಎರಡು ತಾಸಿಗೆ ಸೊರಗುತ್ತದೆ, ಬೆರಳು ತಾಗಿದ ಎಸಳು ಕಂದಾಗುತ್ತದೆ. ಬೆಳಕು ಹರಿಯುವ ಮೊದಲೇ ಕಡಿದು, ಬುಡವನ್ನು ಜಜ್ಜದೆ ಓರೆಯಾಗಿ ಸೀಳಿ, ಬಕೆಟ್ಟಿನಲ್ಲಿ ಕತ್ತಲೆ ಕೋಣೆಯಲ್ಲಿಟ್ಟರೆ ಸಂಜೆವರೆಗೆ ಬರುತ್ತದೆ. ಬಕೆಟ್ಟಿನ ನೀರಿಗೆ ಒಂದು ವಸ್ತು ಬೆರೆಸುತ್ತೇನೆ, ಅದು ನಮ್ಮ ಅಡುಗೆಮನೆಯಲ್ಲೇ ಇರುವಂಥದ್ದು. ಅಷ್ಟು ಹೇಳಿದ್ದೇ ಹೆಚ್ಚು.

ಜೇನಿನ ವಿಷಯ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ರೋಬಸ್ಟಾಕ್ಕೆ ಪರಾಗಸ್ಪರ್ಶ ಬೇರೆ ಗಿಡದಿಂದಲೇ ಆಗಬೇಕು, ಬೆಳಗಿನ ಹೊತ್ತು ಬ್ಲಾಕೆಲ್ಲ ಜೇನಿನ ಮೊರೆತ. ಅವುಗಳ ಕೆಲಸ ಕೆಡಿಸಿದರೆ ಫಸಲಿಗೇ ಹೊಡೆತ. ಆದ್ದರಿಂದ ಬೆಳಿಗ್ಗೆ ಯಾರನ್ನೂ ಗಿಡದೊಳಗೆ ಬಿಡದೆ ನಾಲ್ಕು ಗಂಟೆಗೆ ಶುರು ಮಾಡಿದೆ. ಸೆಂಟ್ ಹಾಕಿಕೊಂಡು ಬರಬೇಡಿ ಎಂದು ಆಹ್ವಾನದಲ್ಲೇ ಬರೆದಿದ್ದೆ. ಸುವಾಸನೆಯ ಮೇಣದ ಬತ್ತಿ, ಊದುಬತ್ತಿ ಏನೂ ಇಲ್ಲ, ಹೂವಿನ ಪರಿಮಳವೇ ತಲೆ ತುಂಬುವಷ್ಟಿರುತ್ತದೆ. ಕತ್ತಲಾದ ಮೇಲೆ ಹೆಜ್ಜೇನು ದೀಪಕ್ಕೆ ಬರುತ್ತದೆ, ನಮ್ಮ ಕಡೆ ಆನೆಯೂ ಇಳಿಯುತ್ತದೆ. ಆರೂವರೆಗೆ ಎಲ್ಲರನ್ನೂ ಮನೆಯೊಳಗೆ ಕರೆದು ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು) ಬಡಿಸಿದೆ.

ಉಡುಗೊರೆಗೂ ಥೀಮ್ ಬೇಕು ಎಂದು ಹುಡುಗಿಯರು ಕೇಳಿದ್ದರು. ಹಿರಿಯ ಹೆಂಗಸರೆಲ್ಲ ತಮ್ಮ ಕೈಯ ಒಂದೊಂದು ಅಡುಗೆಯನ್ನು ಅಳತೆ ಸಮೇತ ಬರೆದು ತಂದರು. ನಮ್ಮ ಕಡೆಯ ಹುಳಿ ರಸವಾದ ಕಾಚಂಪುಳಿ ಎಷ್ಟು ಹಾಕಬೇಕು ಎಂಬುದಕ್ಕೆ ಮೂವರು ಮೂರು ಅಳತೆ ಕೊಟ್ಟು ಅಲ್ಲೇ ವಾದಕ್ಕೆ ನಿಂತರು. ಹುಡುಗಿಗೆ ತುಂಬ ಇಷ್ಟವಾದದ್ದು ಆ ಕಾಗದಗಳೇ. ಬಂದವರಿಗೆ ಹಿಂದಿನ ವರ್ಷದ ಕಾಫಿ ಹೂವಿನ ಜೇನನ್ನು ಸಣ್ಣ ಬಾಟಲಿಯಲ್ಲಿ ಕೊಟ್ಟೆ.

ಈ ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಹಳೆಯ ಬಿಳಿ ಪಂಚೆಗಳನ್ನು ಗಟ್ಟಿ ಡಿಕಾಕ್ಷನ್‌ನಲ್ಲಿ ಕುದಿಸಿ ಮೇಜಿನ ಬಟ್ಟೆ ಮಾಡಿದೆ. ಬಣ್ಣ ಒಂದೇ ಸಮ ಹಿಡಿಯಲಿಲ್ಲ, ಆದರೆ ಆ ಮೋಡ ಮೋಡ ಕಂದು ಬಿಳಿ ಹೂವಿನ ಕೆಳಗೆ ಬಹಳ ಚೆನ್ನಾಗಿ ಕಂಡಿತು. ಉದುರಿದ ಹೂವನ್ನು ನೆರಳಲ್ಲಿ ಒಣಗಿಸಿ ಚಹಾದಂತೆ ಕುದಿಸಿಯೂ ನೋಡಿದೆ. ಹಸಿ ಹೂವಿನ ಪರಿಮಳದ ಕಾಲುಭಾಗವೂ ಉಳಿಯಲಿಲ್ಲ, ಅದನ್ನು ಬಿಟ್ಟೆ.

ಖರ್ಚು ಒಟ್ಟು ಇಪ್ಪತ್ತು ಸಾವಿರದ ಒಳಗೆ, ಅದರಲ್ಲಿ ಮುಕ್ಕಾಲು ಊಟಕ್ಕೆ. ಡೀಸೆಲ್ ಲೆಕ್ಕಕ್ಕೆ ಹಿಡಿದಿಲ್ಲ, ಹೇಗೂ ತೋಟಕ್ಕೆ ಆ ನೀರು ಕೊಡಲೇಬೇಕಿತ್ತು. ಡೆಕೋರೇಶನ್‌ನವರು ಈ ಸಲ ಕೇಳಿದ್ದು ಅರವತ್ತೈದು ಸಾವಿರದ ಆಸುಪಾಸು.

ಸೋಮವಾರಪೇಟೆ ಕಡೆ ಅರೇಬಿಕಾ ಎಂಬ ಇನ್ನೊಂದು ತಳಿಯ ಕಾಫಿ ಬೆಳೆಯುವವರು ಒಂದೆರಡು ದಿನ ಹೆಚ್ಚು ಹಿಡಿದುಕೊಳ್ಳಿ. ಕೆರೆಯಲ್ಲಿ ಎರಡನೇ ಸಲಕ್ಕೆ ನೀರು ಉಳಿಯುವುದಿಲ್ಲ ಎನ್ನುವವರು ಇದಕ್ಕೆ ಕೈ ಹಾಕಬೇಡಿ. ಹೂವಾಗಿ ಹದಿನೈದು ಇಪ್ಪತ್ತು ದಿನಕ್ಕೆ ಎರಡನೇ ಸಲದ ನೀರು, ಅಂದರೆ ಬ್ಯಾಕಿಂಗ್, ಕೊಡದಿದ್ದರೆ ಕಾಯಿ ನಿಲ್ಲುವುದಿಲ್ಲ. ನಮ್ಮ ಎರಡೂ ಬ್ಲಾಕಿನಲ್ಲಿ ಕಾಯಿ ಚೆನ್ನಾಗಿ ಕಚ್ಚಿದೆ.